ಕಿಸೆಯಲ್ಲಿಟ್ಟುಕೊಳ್ಳುವ ಫ್ಯೂಜು

ಸುನೀಲಕುಮಾರನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನೀವು ಹಿಂದಿನಿಂದ ಆಡಿಕೊಳ್ಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಮೇಲೆ ಸಿಟ್ಟಿದ್ದರೂ ಒಳಗೆ ಗೌರವ ಇರಬೇಕು ಬಿಡು ಅಂತ ಯಾರೂ ಸಮಾಧಾನ ಹೇಳಲು ಬರಬೇಡಿ. ಒಳಗೂ ಕಿಚ್ಚೇ, ಹೊರಗೂ ಕಿಚ್ಚೇ.

ನಾನು ಶಿವಕಾಂತಾ. ಮಾದನಹಿಪ್ಪರಗಾದಿಂದ ದಿನಾ ಮುಂಜಾನೆ ಬಸ್ಸು ಹಿಡಿದು ಆಳಂದಕ್ಕೆ ಬರುತ್ತೇನೆ. ಬಸ್ ಸ್ಟ್ಯಾಂಡಿನ ಹಿಂದೆ ದೌಲತರಾಯರ ಮೋಟಾರು ರಿವೈಂಡಿಂಗ್ ಅಂಗಡಿ ಇದೆ. ಅದರ ಮೇಲಿನ ಎರಡು ಕೋಣೆಗಳೇ ನಮ್ಮ ಕಂಪನಿ, ಅದೂ ಅವರದೇ. ಪಂಪ್‌ಸೆಟ್ಟಿಗೆ ಹಾಕುವ ಮೊಬೈಲ್ ಸ್ಟಾರ್ಟರ್ ಪೆಟ್ಟಿಗೆ ನಮ್ಮಲ್ಲಿ ತಯಾರಾಗುತ್ತದೆ. ರೈತ ಮನೆಯಲ್ಲಿ ಕೂತು ಫೋನಿನಲ್ಲಿ ಒತ್ತಿದರೆ ಅಲ್ಲೆಲ್ಲೋ ಹೊಳೆಯ ದಂಡೆಯಲ್ಲಿ ಮೋಟಾರು ಚಾಲೂ ಆಗುತ್ತದೆ, ಇನ್ನೊಮ್ಮೆ ಒತ್ತಿದರೆ ಬಂದ್. ಪೆಟ್ಟಿಗೆ ಜೋಡಿಸುವವರು ಕೆಳಗಿನ ಅಂಗಡಿಯವರು. ಅದರೊಳಗಿನ ಬುದ್ಧಿ ನನ್ನದು. ಆ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ವರ್ಷಗಟ್ಟಲೆ ಕೂತು, ಕಣ್ಣು ಉರಿಸಿಕೊಂಡು, ಕೈಯಾರೆ ಬರೆದವಳು ನಾನು.

ಬರೆದವಳು ನಾನು ಎಂದು ಈಗ ಯಾರಿಗೂ ನೆನಪಿಲ್ಲ. ಯಾಕೆಂದರೆ ಕಳೆದ ವರ್ಷ ಜೇವರ್ಗಿಯಿಂದ ಸುನೀಲಕುಮಾರ ಬಂದ.

ಅವನು ಬರೆಯುವುದಿಲ್ಲ, ಬರೆಸುತ್ತಾನೆ. ಲ್ಯಾಪ್‌ಟಾಪಿನಲ್ಲಿ ಒಂದು ಎಐ ಇಟ್ಟುಕೊಂಡಿದ್ದಾನೆ. ಇಂಥದ್ದು ಬೇಕು ಅಂತ ಅದಕ್ಕೆ ಹೇಳುತ್ತಾನೆ, ಅದು ಬರೆದು ಕೊಡುತ್ತದೆ. ಅದರ ಕೈಲಾಗದ್ದನ್ನು ನೆಟ್ಟಿನಿಂದ ಇಳಿಸಿಕೊಳ್ಳುತ್ತಾನೆ. ಯಾರೋ ಎಲ್ಲೋ ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳು, ಲೈಬ್ರರಿ ಅನ್ನುತ್ತೇವೆ ನಾವು. ನನ್ನ ಅಷ್ಟು ವರ್ಷಗಳ ಕೆಲಸವನ್ನು ಅವನು ಒಂದು ತಿಂಗಳು ತುಂಬುವುದರೊಳಗೆ ಹೊಸದಾಗಿ ಮಾಡಿ ಟೇಬಲ್ಲಿನ ಮೇಲಿಟ್ಟ. ಮಾಡಲಿ. ಆದರೆ ಮಾಡುವಾಗ ಶಿಳ್ಳೆ ಹಾಕುತ್ತಿದ್ದ. ಅದನ್ನು ನಾನು ಸಾಯುವತನಕ ಮರೆಯುವುದಿಲ್ಲ.

ದೌಲತರಾಯರಂತೂ ಅವನನ್ನು ತಲೆಯ ಮೇಲೆ ಕೂರಿಸಿಕೊಂಡರು. ನಾನು ಮೊದಲಿನಿಂದ ಅವರಿಗೆ 'ತಂಗಿ', ಅವನು ಬಂದ ದಿನದಿಂದಲೇ 'ಇಂಜಿನಿಯರ್ ಸಾಹೇಬ್ರು'. ಓದಿದ್ದು ಇಬ್ಬರೂ ಕಲಬುರಗಿಯ ಅದೇ ಕಾಲೇಜಿನಲ್ಲಿ! ಆಳಂದದ ಬೇಸಿಗೆ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ನಮ್ಮ ಆಫೀಸಿನಲ್ಲಿ ಇರುವುದು ಒಂದೇ ಕೂಲರ್. ಅದರ ಮುಂದಿನ ಕುರ್ಚಿ ನನ್ನದಾಗಿತ್ತು. ಒಂದು ದಿನ ರಜೆ ಮುಗಿಸಿ ಬಂದು ನೋಡಿದರೆ ಆ ಕುರ್ಚಿಯಲ್ಲಿ ಇವನು ಕೂತಿದ್ದಾನೆ, ಕೂದಲು ಗಾಳಿಗೆ ಹಾರಾಡುತ್ತಿದೆ.

"ಅವ್ರ ಲ್ಯಾಪ್‌ಟಾಪ್ ಲಗೂನ ಬಿಸಿ ಆಗ್ತದಂತ ತಂಗಿ," ಅಂದರು ದೌಲತರಾಯರು. "ನೀ ಜರಾ ಕಿಡಕಿ ಬಾಜೂಕ ಕುಂದರು."

ಕಿಟಕಿಯ ಪಕ್ಕ ಕೂತೆ. ಅಲ್ಲಿಂದ ಅವನ ಪರದೆ ಚೆನ್ನಾಗಿ ಕಾಣುತ್ತಿತ್ತು. ಅವತ್ತಿನಿಂದ ನಾನು ಅವನ ತಪ್ಪು ಹುಡುಕುವುದನ್ನೇ ಒಂದು ಕಸುಬು ಮಾಡಿಕೊಂಡೆ. ಬಂದ್ ಗುಂಡಿಯ ಕೆಂಪು ಬಣ್ಣ ಬಿಸಿಲಿನಲ್ಲಿ ಕಾಣುವುದಿಲ್ಲ ಎಂದೆ. ಅಕ್ಷರ ಸಣ್ಣದಾಯಿತು ಎಂದೆ. 'ಮೋಟಾರು' ಬರೆಯಬೇಕಾದಲ್ಲಿ 'ಮೋಟರ್' ಬರೆದಿದ್ದಾನೆ, ರೈತರು ನಗುತ್ತಾರೆ ಎಂದೆ. ಹೇಳಿದ್ದನ್ನೆಲ್ಲ ಅವನು ನಗುತ್ತ ತಿದ್ದಿಕೊಂಡ. ಅದಕ್ಕೂ ಮೈ ಉರಿಯಿತು. ಆಮೇಲಾಮೇಲೆ ನಾನು ಬಾಯಿ ತೆರೆದರೆ ಸಾಕು, ದೌಲತರಾಯರು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿಯತೊಡಗಿದರು.

ಅವನ ಹೊಸ ಪ್ರೋಗ್ರಾಮಿನಲ್ಲಿ ಎಲ್ಲರೂ ಹಾಡಿ ಹೊಗಳಿದ ಸಂಗತಿ ಒಂದಿತ್ತು. ಭೀಮಾ ದಂಡೆಯ ಊರುಗಳಲ್ಲಿ ನೆಟ್‌ವರ್ಕ್ ಬರುವುದು, ಹೋಗುವುದು ಅದರ ಮನಸ್ಸಿಗೆ ಬಂದಂತೆ. ನನ್ನ ಪ್ರೋಗ್ರಾಮಿನಲ್ಲಿ ರೈತ ಒತ್ತಿದಾಗ ನೆಟ್‌ವರ್ಕ್ ಇರದಿದ್ದರೆ ಅವನು ಕೊಟ್ಟ ಹುಕುಂ ಅಲ್ಲಿಗೇ ಸತ್ತುಹೋಗುತ್ತಿತ್ತು. ಮತ್ತೆ ಒತ್ತಬೇಕು, ಮತ್ತೆ ಒತ್ತಬೇಕು. ರೈತರು ಫೋನ್ ಮಾಡಿ ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಸುನೀಲ ಇದಕ್ಕೊಂದು ಲೈಬ್ರರಿ ತಂದ. ಅದು ಹುಕುಮನ್ನು ಸಾಯಲು ಬಿಡುವುದಿಲ್ಲ. ಹಿಡಿದಿಟ್ಟುಕೊಂಡು, ನೆಟ್‌ವರ್ಕ್ ಬಂದ ಕೂಡಲೇ ಪೆಟ್ಟಿಗೆಗೆ ಮುಟ್ಟಿಸುತ್ತದೆ. 'ಕೊಟ್ಟ ಹುಕುಂ ಎಂದೂ ಹಾಳಾಗುವುದಿಲ್ಲ' ಎಂದು ದೌಲತರಾಯರು ಬ್ಯಾನರ್ ಬರೆಸಿ ಅಂಗಡಿಯ ಮುಂದೆ ಕಟ್ಟಿಸಿದರು. ದಿನಾ ಬಸ್ಸಿಳಿದ ಕೂಡಲೇ ನನ್ನ ಕಣ್ಣಿಗೆ ಬೀಳುವುದು ಅದೇ.

ಮೊದಲು ಪರೀಕ್ಷೆಗೆ ಅಂತ ಘತ್ತರಗಿಯ ದಂಡೆಯಲ್ಲಿ ಮೂರು ಹೊಸ ಪೆಟ್ಟಿಗೆ ಕೂರಿಸಿದರು. ಅಮಾವಾಸ್ಯೆ ಮುಗಿದು ಪಾಡ್ಯದ ದಿನ ಅಫಜಲಪುರ, ಜೇವರ್ಗಿ ಕಡೆಯ ಅಷ್ಟೂ ಪೆಟ್ಟಿಗೆಗಳಿಗೆ ಸುನೀಲನ ಪ್ರೋಗ್ರಾಮನ್ನು ಒಂದೇ ಸಲಕ್ಕೆ ಕಳಿಸುವುದು ಎಂದು ನಿಶ್ಚಯವಾಯಿತು. ಅಲ್ಲಿಗೆ ನನ್ನ ಬರಹ ಭೂಮಿಯ ಮೇಲಿನಿಂದ ಅಳಿಸಿ ಹೋದಂತೆ.

ಆ ಮೂರರಲ್ಲಿ ಒಂದು ಪೆಟ್ಟಿಗೆ ಸೈದಪ್ಪ ಕಾಕಾನದು. ನನ್ನವ್ವನ ತಂಗಿ ಗಂಗುಬಾಯಿ ಚಿಗವ್ವನ ಗಂಡ. ನಾನು ಪ್ರೋಗ್ರಾಮು ಬರೆದ ಮೊಟ್ಟಮೊದಲ ಪೆಟ್ಟಿಗೆ ಕೂತಿದ್ದೇ ಕಾಕಾನ ಕಬ್ಬಿನ ಹೊಲದ ಕೆಳಗೆ. ಈಗ ಅದನ್ನು ಕಿತ್ತು ಸುನೀಲನದನ್ನು ಹಾಕಿಸಿಕೊಂಡಿದ್ದಾನೆ! ಸ್ವಂತ ಕಾಕಾ! ಹೇಗಿದೆ ನೋಡಿಕೊಂಡು ಬರುತ್ತೇನೆ ಎಂದು ಆಫೀಸಿನಲ್ಲಿ ಹೇಳಿ ಘತ್ತರಗಿಗೆ ಹೋದೆ. ನೋಡಲಿಕ್ಕಲ್ಲ, ಅದು ಕೆಟ್ಟಿರಲಿ ಎಂದು ಹಾರೈಸಿಕೊಂಡು ಹೋದೆ.

ಕಾಕಾ ದಂಡೆಯ ಮೇಲಿದ್ದ. ಸೊಂಟದವರೆಗೆ ತೊಯ್ದಿದ್ದ.

"ಬಾ ಬೇ ಶಿವಕಾಂತಾ," ಅಂದ. "ನಿಮ್ಮ ಸುನೀಲ ಸಾಹೇಬ್ರ ಪೆಟ್ಟಿಗಿ ಅಂದ್ರ ಕಮಾಲ್ ಅದ ನೋಡು. ನಿಂದೂ ಛಲೋನೇ ಇತ್ತು, ಇಲ್ಲನ್ನಂಗಿಲ್ಲ. ಖರೇ ಇದರ ಮುಂದ ಅದೇನೂ ಇಲ್ಲ."

ಸ್ವಂತ ಕಾಕಾನಲ್ಲದಿದ್ದರೆ ಅಲ್ಲೇ ಹೊಳೆಗೆ ನೂಕುತ್ತಿದ್ದೆ.

"ನೀರಿನ್ಯಾಗ ಯಾಕ ಇಳದಿದ್ದಿ ಕಾಕಾ?"

"ಪಾಚಿ ಬೇ. ಮೋಟಾರಿನ ಜಾಳಗಿಗಿ ಸುತಗೊಂಡು ನೀರೇ ಎಳೀವಲ್ದು. ಇಳದು ಕೈಯಿಂದ ಬಿಡಸ್ಬೇಕು."

ಕಾಕಾನ ಮೋಟಾರು ನೀರಿನೊಳಗೇ ಮುಳುಗಿರುವಂಥದ್ದು, ನೀರು ಎಳೆಯುವ ಅದರ ಬಾಯಿಗೆ ಕಸ ತಡೆಯುವ ಜಾಲರಿಯೇ ಆ ಜಾಳಗಿ. ಅದರ ವೈರು ನಾಲ್ಕಾರು ಕಡೆ ಕಿತ್ತು, ಜೋಡಿಸಿ, ಟೇಪು ಸುತ್ತಿದ್ದು. ಈ ದಂಡೆಯಲ್ಲಿ ಯಾರ ವೈರು ನೋಡಿದರೂ ಅದೇ ಕಥೆ. ಮೋಟಾರು ನಡೆಯುತ್ತಿರುವಾಗ ಅದರ ಹತ್ತಿರ ನೀರಿಗಿಳಿದವನು ಉಳಿಯುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಅದಕ್ಕೇ ಇಲ್ಲಿ ಹಿಂದಿನಿಂದಲೂ ಒಂದು ರೂಢಿ. ನೀರಿಗಿಳಿಯುವವನು ಮೊದಲು ಹಲಗೆಯ ಮೇಲಿನ ಫ್ಯೂಜುಗಳನ್ನು ಕಿತ್ತು ತನ್ನ ಕಿಸೆಯಲ್ಲಿ ಹಾಕಿಕೊಳ್ಳುತ್ತಾನೆ. ಹೆಂಡತಿಯ ಕೈಗೂ ಕೊಡುವುದಿಲ್ಲ, ಮಗನ ಕೈಗೂ ಕೊಡುವುದಿಲ್ಲ. ಮೇಲೆ ಬಂದು ಮೈ ಒರೆಸಿಕೊಂಡ ಮೇಲೆ ತಾನೇ ಹಾಕುತ್ತಾನೆ.

"ಫ್ಯೂಜ್ ಕಿಸೇದಾಗ ಇಟ್ಕೊಂಡಿದ್ದೆಲ್ಲ?" ಎಂದೆ.

"ಫ್ಯೂಜ್ ಎಲ್ಲದ ಈಗ?" ಕಾಕಾ ನಕ್ಕ. ಹೊಸ ಪೆಟ್ಟಿಗೆಗೆ ಮೈತುಂಬ ಮುಚ್ಚಳ. ಸ್ವಿಚ್ಚು ಒಳಗೆ, ಅದಕ್ಕೆ ಬೀಗ, ಬೀಗದ ಕೈ ನಮ್ಮ ಕಂಪನಿಯಲ್ಲಿ. ಹಳೆಯ ಫ್ಯೂಜಿನ ಹಲಗೆಯನ್ನು ನಮ್ಮವರೇ ಕಿತ್ತು ಹಾಕಿದ್ದರು. ಕಾಕಾ ತಲೆಯ ರುಮಾಲು ಬಿಚ್ಚಿದ. ಅದರೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮೊಬೈಲು. "ಇದೇ ಈಗ ಫ್ಯೂಜ್. ಇದರಾಗ ಬಂದ್ ಮಾಡ್ತೇನಿ, ತಲಿಗಿ ಸುತಗೋತೇನಿ, ಇಳೀತೇನಿ. ನಾ ಒತ್ತೋತನ ಅದು ಹ್ಯಾಂಗ ಚಾಲೂ ಆಗ್ತದ?"

ಮಾತು ಇನ್ನೂ ಬಾಯಲ್ಲಿರುವಾಗಲೇ ಪೆಟ್ಟಿಗೆಯೊಳಗೆ ಟಕ್ ಎಂದಿತು. ನೀರು ಕುಲುಕಿತು. ಮೇಲೆ ಪೈಪಿನಿಂದ ಭರ್ರನೆ ನೀರು ಚಿಮ್ಮಿತು. ಮೋಟಾರು ತಾನಾಗಿ ಚಾಲೂ ಆಗಿತ್ತು.

ನಾನು ಹೌಹಾರಿದೆ. ಕಾಕಾ ತೊಡೆ ತಟ್ಟಿ ನಕ್ಕ.

"ನಿಮ್ಮ ಚಿಗವ್ವ ಮುಂಜಾನಿ ಮನಿಯಿಂದ ತನ್ನ ಫೋನಿನ್ಯಾಗ ಒತ್ತಿದ್ಳು, ಆವಾಗ ನೆಟ್‌ವರ್ಕ್ ಇರ್ಲಿಲ್ಲ. ಈಗ ಬಂತು ನೋಡು! ಹೇಳಿದ್ ಮಾತು ಮರೀಲಿಲ್ಲ, ಎಷ್ಟ್ ಶ್ಯಾಣ್ಯಾ ಅದ!"

ನಿಮಗೆ ಸುಳ್ಳು ಹೇಳುವುದಿಲ್ಲ. ಆ ಕ್ಷಣ ನನಗಾದದ್ದು ಸಂತೋಷ. ಸಿಕ್ಕಿಬಿದ್ದ ಸುನೀಲಕುಮಾರ! ಮುಂಜಾನೆಯ ಹುಕುಂ ಮಧ್ಯಾಹ್ನ ಯಾರಿಗೆ ಬೇಕು? ನನ್ನ ಪ್ರೋಗ್ರಾಮು ಹಳೆಯ ಹುಕುಮನ್ನು ಬಿಸಾಡುತ್ತಿದ್ದುದು ದಡ್ಡತನವಾಗಿರಲಿಲ್ಲ. ಆಮೇಲೆ ಕಾಕಾನ ಒದ್ದೆ ಧೋತರದಿಂದ ನೀರು ತೊಟ್ಟಿಕ್ಕುವುದು ಕಣ್ಣಿಗೆ ಬಿತ್ತು. ಒಂದು ಬೀಡಿ ಸೇದುವಷ್ಟು ಹೊತ್ತಿನ ಹಿಂದೆ ಅವನು ನೀರಲ್ಲಿದ್ದ, ಆ ಮೋಟಾರನ್ನು ತಬ್ಬಿಕೊಂಡಿದ್ದ. ಹೋಗಿ ಕಾಕಾನ ತೋಳು ಹಿಡಿದೆ.

"ಕಾಕಾ, ನಾ ಮತ್ತ ಬರೋತನ ನೀರಾಗ ಇಳೀಬ್ಯಾಡ."

"ಪಾಚಿ ಯಾರು, ನಿಮ್ಮಪ್ಪ ತಗೀತಾನೇನು?"

"ನನ್ನ ಆಣಿ ಕಾಕಾ."

ನನ್ನ ಮುಖ ನೋಡಿ ಅವನ ನಗು ನಿಂತಿತು. ಅಮಾವಾಸ್ಯೆತನಕ ಇಳಿಯುವುದಿಲ್ಲ, ಆಮೇಲೆ ಕೇಳಬೇಡ ಎಂದ.

ಆಳಂದಕ್ಕೆ ಬಂದವಳೇ ಮೆಟ್ಟಿಲು ಹತ್ತಿ ದೌಲತರಾಯರ ಮುಂದೆ ನಿಂತೆ. ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಗೆದ್ದ ಸಂಭ್ರಮ ಇತ್ತು. ಅದು ಅವರಿಗೆ ಕೇಳಿಸಿತು. ನನಗೂ ಕೇಳಿಸಿತು.

"ತಂಗಿ," ಅಂದರು ಪೇಪರು ಮಡಚದೆ. "ಹ್ವಾದ ವಾರ ಬಣ್ಣ ಸರಿ ಇಲ್ಲಂದಿ. ಅದಕಿಂತ ಮೊದ್ಲ ಅಕ್ಷರ ಸರಿ ಇಲ್ಲಂದಿ. ಈಗ ಮಂದಿ ಸಾಯ್ತಾರಂತಿ. ನಿನ್ನ ಹೊಟ್ಯಾಗಿನ ಉರಿ ನನಗ ತಿಳೀವಲ್ದೇನು?"

"ಸಾವ್ಕಾರ್ರ, ಇದು ಅದಲ್ರಿ. ನಾ ಕಣ್ಣಾರೆ ನೋಡೀನಿ."

"ರೈತರು ಖುಷಿ ಅದಾರ. ನಿಮ್ಮ ಕಾಕಾ ಸೈತ ಖುಷಿ ಅದಾನ. ಮತ್ತ್ಯಾರು ನಾರಾಜ್ ಅದಾರ? ನೀ ಒಬ್ಬಾಕಿ."

ಸುನೀಲನ ಕಡೆ ತಿರುಗಿದೆ. ಕೂಲರಿನ ಗಾಳಿಯಲ್ಲಿ ತಣ್ಣಗೆ ಕೂತಿದ್ದ.

"ಮೇಡಂ, ಅದು ತಪ್ಪಲ್ರಿ, ಅದೇ ಅದರ ಕೆಲಸ," ಅಂದ. "ಹುಕುಂ ಕಳಕೋಬಾರ್ದಂತೇ ಆ ಲೈಬ್ರರಿ ತಂದೀನಿ. ದೊಡ್ಡ ದೊಡ್ಡ ಕಂಪನಿಯವ್ರು ಬಳಸ್ತಾರ. ಟೆಸ್ಟ್ ಎಲ್ಲಾ ಪಾಸಾಗ್ಯಾವ."

"ಟೆಸ್ಟ್ ಯಾರು ಬರದ್ರು?"

"ಎಐ ಬರದದ."

"ಪ್ರೋಗ್ರಾಮ್ ಬರದಿದ್ದೂ ಅದೇ, ಪರೀಕ್ಷಾ ಮಾಡಿದ್ದೂ ಅದೇ. ಭೇಷ್! ಆ ಲೈಬ್ರರಿ ಬರದಾಂವ ಘತ್ತರಗಿ ನೋಡ್ಯಾನೇನು? ಬ್ಯಾಂಕಿನ ಮೆಸೇಜ್ ತಡಾ ಮಾಡಿ ಬಂದ್ರ ಯಾರೂ ಸಾಯಂಗಿಲ್ಲ. ಮೋಟಾರಿನ ಹುಕುಂ ತಡಾ ಆದ್ರ?"

"ಆ ಭಾಗ ನಾ ಬರದಿಲ್ರಿ ಮೇಡಂ."

"ಆರಿಸ್ದಾಂವ ನೀನೇ ಅಲ್ಲೇನು?"

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ದೌಲತರಾಯರು, "ಸಾಕು ಮಾಡ್ರಿ. ಪಾಡ್ಯಾಕ್ಕ ಎಲ್ಲಾ ಪೆಟ್ಟಿಗಿಗೂ ಹೋಗ್ಬೇಕು, ಮುಗೀತು," ಎಂದು ಎದ್ದು ಕೆಳಗೆ ಹೋದರು.

ಕಿಟಕಿಯ ಪಕ್ಕ ಹೋಗಿ ಕೂತೆ. ಹೋಗಲಿ, ನನಗೇನು? ಕಳಿಸಲಿ. ಒಂದು ಅನಾಹುತ ಆಗಲಿ, ಆಗ ಗೊತ್ತಾಗುತ್ತದೆ ಇವರಿಗೆ ಶಿವಕಾಂತಾ ಯಾರು ಅಂತ. ಆಗ ಓಡಿ ಬರುತ್ತಾರೆ, ತಂಗಿ ನೀ ಹೇಳಿದ್ದೇ ಖರೇ ಆಯಿತು ಅಂತ. ಆ ದೃಶ್ಯವನ್ನು ಮನಸ್ಸಿನಲ್ಲಿ ಚಪ್ಪರಿಸುತ್ತ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ. ಆಮೇಲೆ, ಒಂದು ಅನಾಹುತ ಅಂದರೆ ಯಾರದು ಎಂಬ ಪ್ರಶ್ನೆ ಬಂತು. ಮುಖವಿಲ್ಲದ ಯಾರೋ ಒಬ್ಬರಲ್ಲ. ರುಮಾಲಿನಲ್ಲಿ ಮೊಬೈಲು ಕಟ್ಟಿಕೊಂಡ ಒಬ್ಬರು. ಥೂ ನನ್ನ ಜನ್ಮಕ್ಕೆ ಅನ್ನಿಸಿತು.

ಇನ್ನು ದೌಲತರಾಯರ ಹತ್ತಿರ ನಾನು ಏನು ಹೇಳಿದರೂ ಅದು ಹೊಟ್ಟೆಕಿಚ್ಚಿನ ಮಾತೇ. ಅವರು ಕಿವಿಗೊಡುವ ಬಾಯಿ ಒಂದೇ, ಅದು ಸುನೀಲನದು. ಆ ಬಾಯಿಂದಲೇ ಈ ಮಾತು ಬರಬೇಕು. ವಾದ ಮಾಡಿದರೆ ಅವನು ಲೈಬ್ರರಿಯ ಜಾತಕ ಓದುತ್ತಾನೆ. ವಾದ ಬೇಡ, ಹೊಳೆಯೇ ಹೇಳಲಿ ಎಂದುಕೊಂಡೆ.

ಅಮಾವಾಸ್ಯೆಗೆ ಸುನೀಲ ತನ್ನ ತಾಯಿಯನ್ನು ಭಾಗ್ಯವಂತಿ ದೇವಿಯ ದರ್ಶನಕ್ಕೆ ಘತ್ತರಗಿಗೆ ಕರೆತರುವವನಿದ್ದ. ನಾನೂ ಬರುತ್ತೇನೆ, ದರ್ಶನ ಮುಗಿಸಿ ಕಾಕಾನ ಹೊಲದ ಕಡೆ ಬಾ ಎಂದೆ. ಅವತ್ತು ನಾನು ಮುಂಜಾನೆಯೇ ಹೋಗಿ, ಉಳಿದ ಎರಡು ಹೊಸ ಪೆಟ್ಟಿಗೆಯವರಿಗೆ ಕತ್ತಲಾಗುವತನಕ ನೀರಿಗೆ ಇಳಿಯಬೇಡಿ ಎಂದು ಕೈಮುಗಿದು ಹೇಳಿ ಬಂದೆ. ಒಬ್ಬರು ತಲೆಯಾಡಿಸಿದರು, ಇನ್ನೊಬ್ಬರು ನಕ್ಕರು. ಆಮೇಲೆ ಕಂಪನಿಯಿಂದ ತಂದಿದ್ದ ಬೀಗದ ಕೈಯಿಂದ ಕಾಕಾನ ಪೆಟ್ಟಿಗೆ ತೆರೆದೆ. ಒಳಗೆ ಮೋಟಾರಿಗೆ ಹೋಗುವ ಮೇನ್ ಸ್ವಿಚ್ಚು ಕೆಳಗೆ ಮಾಡಿ ಮತ್ತೆ ಬೀಗ ಹಾಕಿದೆ. ಇನ್ನು ಸ್ವರ್ಗದಿಂದ ಹುಕುಂ ಬಂದರೂ ಆ ಮೋಟಾರಿಗೆ ಕರೆಂಟ್ ಹೋಗುವುದಿಲ್ಲ. ನನ್ನ ಹೊಟ್ಟೆಕಿಚ್ಚಿಗೂ ಒಂದು ಮಿತಿ ಇದೆ ತಾನೆ.

ಅಮಾವಾಸ್ಯೆಯೆಂದರೆ ಘತ್ತರಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಷ್ಟು ಜನರ ಅಷ್ಟು ಫೋನು ಸೇರಿ ನೆಟ್‌ವರ್ಕ್ ಮಧ್ಯಾಹ್ನದೊಳಗೇ ಸತ್ತುಹೋಗುತ್ತದೆ. ಸಂಜೆ ಬಸ್ಸುಗಳು ಜನರನ್ನು ತುಂಬಿಕೊಂಡು ಹೊರಟ ಮೇಲೇ ಅದಕ್ಕೆ ಮತ್ತೆ ಜೀವ.

ಹೊತ್ತು ಇಳಿಯುತ್ತಿದ್ದಾಗ ಸುನೀಲ ಬಂದ. ಹಣೆಯ ಮೇಲೆ ಭಂಡಾರ, ಕೈಯಲ್ಲಿ ಪ್ರಸಾದದ ಪೊಟ್ಟಣ. ತಾಯಿಯನ್ನು ಗುಡಿಯ ಹತ್ತಿರ ಪರಿಚಯದವರ ಜೊತೆ ಬಿಟ್ಟು ಬಂದಿದ್ದ.

"ಏನ್ ತೋರಸ್ತೀರಿ ಮೇಡಂ?"

"ಏನೂ ಇಲ್ಲ. ಕಾಕಾಗ ಮೈಯಾಗ ಆರಾಮಿಲ್ಲ. ಜಾಳಗಿಗಿ ಪಾಚಿ ಸುತಗೊಂಡದ. ನೀ ಜರಾ ಇಳದು ಬಿಡಸ್ತಿ ಏನು?"

ಕಾಕಾ ಕೆಮ್ಮಿದ. ಆರಾಮಿದ್ದವನು ಕೆಮ್ಮುವ ಕೆಮ್ಮು ಅದು. ಸುನೀಲ ಜೇವರ್ಗಿಯ ಹುಡುಗ, ಹೊಳೆಗೆ ಹೆದರುವವನಲ್ಲ. ನಗುತ್ತ ಚಪ್ಪಲಿ ಬಿಟ್ಟ, ಪ್ಯಾಂಟು ಮಡಚಿದ. ಕಾಕಾನ ಮೊಬೈಲು ತೆಗೆದುಕೊಂಡು ನೋಡಿದ. ಪರದೆಯ ಮೇಲೆ 'ಮೋಟಾರು ಬಂದ್' ಎಂದಿತ್ತು. ಕಾಕಾ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅವನ ಅಂಗಿಯ ಕಿಸೆಗೆ ಹಾಕಿದ. ಸುನೀಲ ನೀರಿಗಿಳಿದ. ಮೊದಲು ಪಾದ, ಆಮೇಲೆ ಮೊಣಕಾಲು.

"ಕಾಕಾ," ನಾನು ದಂಡೆಯ ಮೇಲಿಂದ ಕೇಳಿದೆ, "ಚಿಗವ್ವ ಇವತ್ತ ಮೋಟಾರ್ ಚಾಲೂ ಮಾಡ್ಲಿಲ್ಲೇನು?"

"ಏ, ಮಧ್ಯಾಹ್ನದಿಂದ ಒತ್ತಾಕತ್ತಾಳ ಬೇ ಆಕಿ. ನೆಟ್‌ವರ್ಕ್ ಎಲ್ಲದ? ಒತ್ತಿ ಒತ್ತಿ ಬ್ಯಾಸತ್ತಾಳ."

ಸುನೀಲ ಮುಂದಿಟ್ಟ ಹೆಜ್ಜೆ ನೀರಿನೊಳಗೇ ನಿಂತಿತು. ಕಿಸೆಯಿಂದ ಮೊಬೈಲು ತೆಗೆದು ಪ್ಲಾಸ್ಟಿಕ್ಕಿನ ಮೇಲಿಂದಲೇ ನೋಡಿದ. ನೆಟ್‌ವರ್ಕಿನ ಗೆರೆ ಒಂದೂ ಇಲ್ಲ. ಮೋಟಾರಿನ ಕಡೆ ನೋಡಿದ, ಟೇಪು ಸುತ್ತಿದ ವೈರಿನ ಕಡೆ ನೋಡಿದ, ದೂರದ ರಸ್ತೆಯಲ್ಲಿ ಜನ ತುಂಬಿಕೊಂಡು ಹೊರಡುತ್ತಿದ್ದ ಬಸ್ಸುಗಳ ಕಡೆ ನೋಡಿದ. ತಾನು ತಂದ ಲೈಬ್ರರಿ ಏನು ಮಾಡುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತು?

"ಕಾಕಾ," ಅಂದ. ದನಿ ಸಣ್ಣದಾಗಿತ್ತು. "ಫ್ಯೂಜ್ ಎಲ್ಲದರಿ?"

"ಫ್ಯೂಜ್ ಎಲ್ಲೀದಪಾ? ನೀವೇ ಕಿತ್ತು ಒಯ್ದೀರಲ್ಲ."

ಅವನು ಹಿಂದೆಹಿಂದೆ ಹೆಜ್ಜೆ ಇಟ್ಟು ದಂಡೆಗೆ ಬಂದು ಕೆಸರಿನಲ್ಲೇ ಕೂತುಬಿಟ್ಟ. ನಾನು ಬ್ಯಾಗಿನಿಂದ ಬೀಗದ ಕೈ ತೆಗೆದು ತೋರಿಸಿದೆ. "ಮೇನ್ ಸ್ವಿಚ್ ಮುಂಜಾನೇ ಬಂದ್ ಮಾಡೀನಿ. ನಿನಗೇನೂ ಆಗ್ತಿರಲಿಲ್ಲ. ಇದು ನನ್ನ ಬಲ್ಲಿ ಅದ ಅಂತ ನೀ ಬದಕಿದಿ. ಕಾಕಾನ ಬಲ್ಲಿ ಏನದ?"

ಮೂವರೂ ಅಲ್ಲೇ ಕೂತೆವು. ಬಸ್ಸುಗಳ ಸದ್ದು ಕಡಿಮೆಯಾಗುತ್ತ ಬಂತು. ಆಚೆಯ ಹೊಲದಲ್ಲಿ ಇದ್ದಕ್ಕಿದ್ದಂತೆ ಒಂದು ಮೋಟಾರು ಚಾಲೂ ಆಯಿತು. ಸ್ವಲ್ಪ ಹೊತ್ತಿಗೆ ಈಚೆಯದು. ಅವೆರಡೂ ಹೊಸ ಪೆಟ್ಟಿಗೆಗಳವೇ. ಪೈಪಿನ ಬಾಯಲ್ಲಿ ಬಟ್ಟೆ ಒಗೆಯಲು ಕೂತಿದ್ದ ಹೆಂಗಸೊಬ್ಬಳು ನೀರು ಚಿಮ್ಮಿದ್ದಕ್ಕೆ ಚೀರಿ, ಆಮೇಲೆ ತಾನೇ ನಕ್ಕಳು. ನಮ್ಮ ಪಕ್ಕದಲ್ಲೇ ಇದ್ದ ಕಾಕಾನ ಪೆಟ್ಟಿಗೆಯಲ್ಲೂ ಟಕ್ ಎಂದಿತು, ಮೋಟಾರು ಮಾತ್ರ ಮಿಸುಕಲಿಲ್ಲ. ಸುನೀಲ ಬೆಚ್ಚಿಬಿದ್ದ. ಹೊಳೆಯೊಳಗೆ ಯಾರೂ ಇರಲಿಲ್ಲ. ಅದೇನೂ ನಮ್ಮ ಪ್ರೋಗ್ರಾಮಿನ ಪುಣ್ಯವಲ್ಲ.

"ನಾ ಸಾವ್ಕಾರ್ರಿಗಿ ಹೇಳ್ತೇನ್ರಿ ಮೇಡಂ," ಅಂದ ದಾರಿಯಲ್ಲಿ. "ನೀವು ಹುಡುಕಿದ್ರಿ ಅಂತ ಹೇಳ್ತೇನಿ."

ಆಹಾ, ಕಿವಿಗೆ ಎಷ್ಟು ತಂಪಾಗಿತ್ತು ಆ ಮಾತು! ಒಂದು ವರ್ಷದಿಂದ ಕಾದಿದ್ದ ಮಾತು. ಆದರೆ ಪಾಡ್ಯ ಮರುದಿನವೇ. ನನ್ನ ಹೆಸರು ಕೇಳಿದೊಡನೆ ದೌಲತರಾಯರು ಪೇಪರು ಎತ್ತುತ್ತಾರೆ, ಸುನೀಲನನ್ನೂ ನಾನು ಕೆಡಿಸಿದೆ ಅನ್ನುತ್ತಾರೆ.

"ನನ್ನ ಹೆಸರು ಎತ್ತಬ್ಯಾಡ," ಎಂದೆ. ಒಂದೊಂದು ಅಕ್ಷರವನ್ನೂ ಗಂಟಲಿನಿಂದ ಕಿತ್ತು ಕೊಟ್ಟಂತಾಯಿತು. "ನನ್ನ ಸಾಮಾನಿನ್ಯಾಗ ನನಗೇ ತಪ್ಪು ಸಿಕ್ಕದ ಅನ್ನು. ಕಳಸೋದು ನಿಂದರಲಿ ಮೊದ್ಲ."

ಮರುದಿನ ಅವನು ಹಾಗೆಯೇ ಹೇಳಿದ. ತಾನು ಆರಿಸಿದ್ದು ಈ ಕೆಲಸಕ್ಕೆ ಸಲ್ಲದ ಸಾಮಾನು, ಚೆನ್ನಾಗಿದೆ ಅಂತ ತಂದೆನೇ ಹೊರತು ಎಲ್ಲಿ ಹಾಕುತ್ತೇನೆಂದು ಯೋಚಿಸಲಿಲ್ಲ, ಹೀಗೇ ಕಳಿಸಿದರೆ ಜನ ಸಾಯುತ್ತಾರೆ, ಆ ಮೂರು ಪೆಟ್ಟಿಗೆಗಳನ್ನೂ ಈಗಲೇ ಬಂದ್ ಮಾಡಿಸಬೇಕು ಎಂದ. ನಾನು ಹೇಳಿದ್ದ ಅದೇ ಮಾತುಗಳು. ಆದರೆ ಈ ಸಲ ದೌಲತರಾಯರ ಪೇಪರು ಕೆಳಗಿಳಿಯಿತು. ಕನ್ನಡಕ ತೆಗೆದರು. ಎದ್ದು ನಿಂತರು. ಅಲ್ಲೇ ಫೋನ್ ಹಚ್ಚಿ, ಕಳಿಸುವುದು ರದ್ದು, ಮೂರೂ ಪೆಟ್ಟಿಗೆ ಬಂದ್ ಮಾಡಿ ಬರ್ರಿ ಎಂದು ಹುಕುಂ ಕೊಟ್ಟರು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು.

"ಶಾಬಾಸ್!" ಎಂದು ಅವನ ಬೆನ್ನು ತಟ್ಟಿದರು. "ತನ್ನ ತಪ್ಪು ತಾನೇ ಹುಡಿಕ್ಯಾನ. ಇಂಥಾ ಮನಷ್ಯಾ ಎಲ್ಲಿ ಸಿಗ್ತಾನ?" ಆಮೇಲೆ ನನ್ನ ಕಡೆ ತಿರುಗಿದರು. "ನೋಡಿ ಕಲಿ ತಂಗಿ. ಬ್ಯಾರೇದವ್ರ ತಪ್ಪು ಯಾರು ಬೇಕಾದ್ರೂ ಹುಡುಕ್ತಾರ. ತನ್ನದು ತಾ ಹುಡುಕ್ಬೇಕು."

ಕಿಟಕಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಸಾವ್ಕಾರ್ರ," ಸುನೀಲನಿಗೆ ತಡೆಯಲಾಗಲಿಲ್ಲ, "ಖರೇ ಹೇಳ್ಬೇಕಂದ್ರ ಹುಡುಕಿದ್ದು ಶಿವಕಾಂತಾ ಮೇಡಮ್ಮೇ ರೀ."

ದೌಲತರಾಯರ ಕಣ್ಣು ತುಂಬಿ ಬಂತು. "ನೋಡ್ರೆಪಾ, ಎಂಥಾ ದೊಡ್ಡ ಗುಣ! ಮಾಡಿದ್ದ ಕೆಲಸದ ಹೆಸರು ಸೈತ ಬ್ಯಾರೇದವ್ರಿಗಿ ಕೊಡ್ತಾನ!" ಎಂದು ಎಲ್ಲರಿಗೂ ಜಿಲೇಬಿ ತರಿಸಿದರು. ನಾನೂ ತಿಂದೆ. ಇಂಥ ಕಹಿ ಜಿಲೇಬಿಯನ್ನು ಆಳಂದದಲ್ಲಿ ಯಾರೂ ತಿಂದಿರಲಿಕ್ಕಿಲ್ಲ.

ಆಮೇಲೆ ನಾವಿಬ್ಬರೂ ಕೂತು ಮತ್ತೆ ಮಾಡಿದೆವು. ಹಳಸಿದ ಹುಕುಮನ್ನು ಬಿಸಾಡುವ ನನ್ನ ಹಳೆಯ ಸಾಲುಗಳು ಅವನ ಪ್ರೋಗ್ರಾಮಿನೊಳಗೆ ವಾಪಸು ಬಂದವು. ಪೆಟ್ಟಿಗೆಯ ಹೊರಗೆ, ಎಳೆದರೆ ಕೈಗೆ ಬರುವ ಒಂದು ಕೀಲಿ ಇಟ್ಟೆವು. ಅದನ್ನು ಕಿತ್ತರೆ ಕರೆಂಟಿನ ದಾರಿಯೇ ಕಡಿದುಹೋಗುತ್ತದೆ, ಮತ್ತೆ ಹಾಕುವತನಕ ಯಾರು ಎಲ್ಲಿಂದ ಒತ್ತಿದರೂ ಮೋಟಾರು ಮಿಸುಕುವುದಿಲ್ಲ. ನೀರಿಗಿಳಿಯುವವನು ಅದನ್ನು ಕಿತ್ತು ಕಿಸೆಯಲ್ಲಿಟ್ಟುಕೊಳ್ಳಬೇಕು, ಹಿಂದೆ ಫ್ಯೂಜು ಇಟ್ಟುಕೊಳ್ಳುತ್ತಿದ್ದ ಹಾಗೆ. ಹೊಸ ಬ್ಯಾನರ್ ಬಂತು. ದೌಲತರಾಯರು ಅದಕ್ಕೆ 'ಸುನೀಲ್ ಕೀಲಿ' ಎಂದು ಹೆಸರಿಟ್ಟಿದ್ದರು. ದಿನಾ ಬಸ್ಸಿಳಿದ ಕೂಡಲೇ ನನ್ನ ಕಣ್ಣಿಗೆ ಬೀಳುವುದು ಈಗ ಅದು.

ಮೊನ್ನೆ ಕಾಕಾ ವಾಟ್ಸಾಪಿನಲ್ಲಿ ದನಿ ಕಳಿಸಿದ್ದ. ಹಿಂದೆ ನೀರು ತುಳುಕುವ ಸದ್ದು. "ಶಿವಕಾಂತಾ, ಈಗೇ ನೀರಿನಿಂದ ಮ್ಯಾಲ ಬಂದೇನಿ. ಆ ನಿಮ್ಮ ಚಿಗವ್ವ ನಾ ಇಳದಿದ್ದು ಮರ್ತು ಮನಿಯಿಂದ ಮೋಟಾರ್ ಒತ್ಯಾಳ ನೋಡು, ಹುಚ್ಚಿ! ಏನೂ ಆಗಲಿಲ್ಲ, ಕೀಲಿ ನನ್ನ ಕಿಸೇದಾಗಿತ್ತು. ಸುನೀಲ ಸಾಹೇಬ್ರಿಗಿ ನನ್ನ ಶರಣು ಹೇಳು. ದೇವ್ರಂಥಾ ಮನಷ್ಯಾ." ಹೊಟ್ಟೆ ಧಗಧಗ ಉರಿಯಿತು. ಅದನ್ನೇ ಇನ್ನೊಮ್ಮೆ ಹಾಕಿ ಕೇಳಿದೆ. ಕಾಕಾ ಉಸಿರು ತೆಗೆದುಕೊಳ್ಳುವುದು ಅದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಮತ್ತೊಮ್ಮೆ ಹಾಕಿದೆ.

ತಲೆಯೆತ್ತಿದರೆ ಸುನೀಲ ಎದುರಿಗೆ ನಿಂತಿದ್ದ, ಕೈಯಲ್ಲಿ ಲ್ಯಾಪ್‌ಟಾಪು.

"ಮೇಡಂ, ಹೊಸಾದೊಂದು ಮಾಡೀನಿ. ಕಳಸೋಕ್ಕಿಂತ ಮೊದ್ಲ ನೀವೊಮ್ಮೆ ನೋಡ್ಬೇಕು."

"ನಿನ್ನ ಎಐ ಅದ ಅಲ್ಲ, ಅದಕ್ಕ ತೋರಸು."

"ತೋರ್ಸೀನ್ರಿ. ಛಲೋ ಅದ ಅಂತದ. ಸಾವ್ಕಾರ್ರೂ ಛಲೋ ಅದ ಅಂತಾರ." ತಲೆ ತಗ್ಗಿಸಿ ಹೇಳಿದ. "ನೀವು ಹೊಟ್ಟಿಕಿಚ್ಚಿನಿಂದ ನೋಡ್ರಿ ಮೇಡಂ. ಹಂಗ ನೋಡಾವ್ರು ನನಗ ಬ್ಯಾರೆ ಯಾರೂ ಇಲ್ಲ."

ಅವನ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

"ಕೂಲರ್ ಮುಂದಿನ ಕುರ್ಚಿ ಬಿಡ್ತೀನಂದ್ರ ನೋಡ್ತೇನಿ," ಎಂದೆ.

ಅವನು ತಕ್ಷಣ ಹೋಗಿ ತನ್ನ ಸಾಮಾನು ತೆಗೆದು, ಕುರ್ಚಿಯನ್ನು ಅಂಗಿಯ ತೋಳಿನಿಂದ ಒರೆಸಿದ. ನಾನು ಹೋಗಿ ಕೂತು, ಸೆರಗು ಸಿಕ್ಕಿಸಿಕೊಂಡು, ಮೊದಲನೇ ಸಾಲಿನಿಂದ ಓದಲು ಶುರುಮಾಡಿದೆ.